ಗರುಬ್‌ನ ಬಿಸಿಲುಗುದುರೆಗಳು

ನಮೀಬಿಯಾದ ಆಸ್ ಊರು ದಾಟಿ ಲೂಡರಿಟ್ಸ್ ಕಡೆಗೆ 20 ಕಿ.ಮೀ. ಹೋದರೆ ಗರುಬ್. ನಕ್ಷೆಯಲ್ಲಿ ಹೆಸರು ಕಂಡು ಊರೆಂದುಕೊಂಡಿದ್ದೆ. ಇದ್ದದ್ದು ಒಂದು ನೀರಿನ ತೊಟ್ಟಿ, ದೂರ ಕೂತು ನೋಡಲು ಒಂದು ಚಪ್ಪರ, ಮಿಕ್ಕಿದ್ದೆಲ್ಲ ಮರಳು. ಬಿಸಿಲುಗುದುರೆ ಕುಣಿಯುವುದನ್ನೇ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಆ ಬಿಸಿಲುಗುದುರೆಗೆ ನಿಜವಾಗಿಯೂ ಕಾಲು ಮೂಡಿತು, ಕೊರಳು ಮೂಡಿತು. ಏಳು ಕುದುರೆಗಳು, ಒಂದರ ಹಿಂದೊಂದು!

ಕಂದು ಬಣ್ಣದ ಹೆಣ್ಣುಕುದುರೆ ತೊಟ್ಟಿಗೆ ಮೂತಿಯಿಟ್ಟಿತು. ಒಂದೊಂದು ಗುಟುಕಿಗೂ ಅದರ ಕಿವಿ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಚಳಿಗಾಲದಲ್ಲಿ ಮೂರು ದಿನವಾದರೂ ನೀರಿಲ್ಲದೆ ತಡೆಯುವ ಜೀವ. ಮೇವು ಬತ್ತಿದರೆ ಒಣಲದ್ದಿಯನ್ನೂ ತಿಂದು ಬದುಕುತ್ತದೆ.

ಇವುಗಳ ಹಿರಿಯರು ಯಾರು? ಡುವಿಸಿಬ್ ಕೋಟೆಯ ಬ್ಯಾರನ್ ಫಾನ್ ವುಲ್ಫ್‌ನ ಲಾಯದವು ಎಂದ ನಮ್ಮ ಡ್ರೈವರ್. ವಂಶಾವಳಿ ಬರೆಸುವವರು ನಮ್ಮಲ್ಲೂ ಅರಮನೆಯಿಂದಲೇ ಶುರುಮಾಡಿಸುತ್ತಾರಲ್ಲ! ಆ ಕೋಟೆ ಇಲ್ಲಿಂದ 150 ಕಿ.ಮೀ.ಗೂ ಹೆಚ್ಚು ದೂರ. ನೀರು ಬಿಟ್ಟು ಅಷ್ಟು ನಡೆದು ಬಂದವೆಂದರೆ ನನಗಂತೂ ನಂಬಿಕೆಯಿಲ್ಲ. ಆಸ್ ಹತ್ತಿರದ ಕುಬುಬ್‌ನಲ್ಲಿ ಲೂಡರಿಟ್ಸ್‌ನ ಮೇಯರ್ ಎಮಿಲ್ ಕ್ರೆಪ್ಲಿನ್ ಗಣಿಗಳಿಗೆ, ರೇಸಿಗೆ ಕುದುರೆ ಸಾಕುತ್ತಿದ್ದ. ಅವನ ಕಾಲದ ಫೋಟೋಗಳಲ್ಲಿರುವ ಕುದುರೆಗಳಿಗೂ ಇವಕ್ಕೂ ಹೋಲಿಕೆಯಿದೆ. ಅವುಗಳ ಜೊತೆ ಮೊದಲ ಮಹಾಯುದ್ಧವೂ ಸೇರಿತು. 1915ರಲ್ಲಿ ದಕ್ಷಿಣ ಆಫ್ರಿಕಾದ ಸೇನೆ ಸಾವಿರಾರು ಕುದುರೆಗಳೊಂದಿಗೆ ಇದೇ ಗರುಬ್‌ನಲ್ಲಿ ಬೀಡುಬಿಟ್ಟಿತ್ತು. ಮಾರ್ಚ್‌ನಲ್ಲಿ ಜರ್ಮನ್ ವಿಮಾನವೊಂದು ಬಾಂಬು ಹಾಕಿತು. ಮೇಯುತ್ತಿದ್ದ ಕುದುರೆಗಳು ದಿಕ್ಕಾಪಾಲಾದವು. ಸೈನ್ಯ ಮುಂದೆ ಹೋಯಿತು, ಹಿಡಿಯಲಾಗದವು ಉಳಿದವು. ಕುಬುಬ್‌ನ ಕುದುರೆಗಳೂ ಸೈನ್ಯದವೂ ಒಂದೇ ಮಂದೆಯಾದವು.

ಓಡಿಹೋದ ಕುದುರೆ ಮರುಭೂಮಿಯಲ್ಲಿ ವಾರವಾದರೂ ಬದುಕೀತೇ? ಬದುಕಿಸಿದ್ದು ರೈಲು. ಉಗಿಬಂಡಿಗೆಂದು ಇಲ್ಲಿ ಕೊಳವೆಬಾವಿ ಕೊರೆದಿದ್ದರು. ಇಂಜಿನ್ ಕುಡಿದ ನೀರನ್ನೇ ಕುದುರೆಯೂ ಕುಡಿಯಿತು. 1908ರಲ್ಲಿ ವಜ್ರ ಸಿಕ್ಕ ಮೇಲೆ ಸುತ್ತಲ ನೆಲ ನಿಷಿದ್ಧ ಪ್ರದೇಶವಾಗಿತ್ತು, ಹಾಗಾಗಿ ಬೇಟೆಗಾರರ ಕಾಟವೂ ತಪ್ಪಿತು. ಡೀಸೆಲ್ ಇಂಜಿನ್ ಬಂದು ಬಾವಿಗೆ ಕೆಲಸವಿಲ್ಲದಂತಾಯಿತು; ಆಮೇಲೆ ಕುದುರೆಗಳಿಗಾಗಿಯೇ ನೀರಿನ ವ್ಯವಸ್ಥೆ ಮಾಡಿದರು. 1986ರಲ್ಲಿ ಈ ನೆಲ ನಮಿಬ್-ನೌಕ್ಲುಫ್ಟ್ ಉದ್ಯಾನಕ್ಕೆ ಸೇರಿತು.

ನೀರು ಕುಡಿದ ಮಂದೆ ಬಂದ ದಾರಿಯಲ್ಲೇ ತಿರುಗಿತು. ಮರಿಯೊಂದು ಹಿಂದುಳಿದು ತೊಟ್ಟಿಯ ಅಂಚಿನ ಒದ್ದೆಯನ್ನು ನೆಕ್ಕುತ್ತಿತ್ತು. ದೂರದಿಂದ ತಾಯಿ ಕೆನೆಯಿತು.