ಪದವಿಯೂ ಮತವೂ

ಸಾರ್ವಜನಿಕ ಜೀವನದಲ್ಲಿ ಮಂತ್ರಿಪದವಿಯಷ್ಟು ಕಣ್ಣು ಕೋರೈಸುವ ವಸ್ತು ಬೇರೊಂದಿಲ್ಲ. ಮಂತ್ರಿಗಳ ವಾಹನ ಧೂಳೆಬ್ಬಿಸಿಕೊಂಡು ಸಾಗಿದರೆ ಹೊಲದಲ್ಲಿ ಕಳೆ ತೆಗೆಯುವವರೂ ತಲೆಯೆತ್ತಿ ನೋಡುತ್ತಾರೆ. “ಮುಂದೆ ಏನಾಗುವಿರಿ?” ಎಂದು ನಾನು ತರಗತಿಯಲ್ಲಿ ಕೇಳಿದಾಗಲೆಲ್ಲ “ಮಂತ್ರಿ” ಎನ್ನುವವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಿದ್ದರು. ಆ ಪದವಿ ಎಲ್ಲಿಂದ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ಅರಿಯಲು ದೂರದ ಚರಿತ್ರೆ ಬೇಕಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ಈಚಿನ ರಾಜಕಾರಣವೇ ಸಾಕು.

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾದ ಸೀಮೆ. ಇಲ್ಲಿಂದ 2008ರಲ್ಲಿ ವೆಂಕಟರಾವ್ ನಾಡಗೌಡರು ವಿಧಾನಸಭೆಗೆ ಆಯ್ಕೆಯಾದರು. 2013ರಲ್ಲಿ ಜನರು ಬಾದರ್ಲಿ ಹಂಪನಗೌಡರನ್ನು ಆರಿಸಿದರು. 2018ರಲ್ಲಿ ಮತ್ತೆ ನಾಡಗೌಡರೇ ಗೆದ್ದು, ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದಲ್ಲಿ ಪಶುಸಂಗೋಪನೆ ಮತ್ತು ಮೀನುಗಾರಿಕೆಯ ಸಚಿವರಾದರು. ಆದರೆ 2019ರ ಜುಲೈ 23ರಂದು ವಿಶ್ವಾಸಮತದ ಪರವಾಗಿ 99, ವಿರೋಧವಾಗಿ 105 ಮತಗಳು ಬಿದ್ದು ಸರ್ಕಾರವೇ ಉರುಳಿತು. ಅದರೊಡನೆ ಆ ಸಚಿವ ಪದವಿಯೂ ಮುಗಿಯಿತು. 2023ರಲ್ಲಿ ಕ್ಷೇತ್ರ ಪುನಃ ಹಂಪನಗೌಡರ ಕೈ ಸೇರಿತು. ಹದಿನೈದು ವರ್ಷಗಳಲ್ಲಿ ಇಷ್ಟು ಏರಿಳಿತ!

ಲಿಂಗಸೂಗೂರಿನ ಪಾಠ ಬೇರೆ ಬಗೆಯದು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅದು ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅಲ್ಲಿ ಶಾಸಕರಾಗಿದ್ದ ಅಮರೇಗೌಡ ಬಯ್ಯಾಪುರ ಅವರು ನೆರೆಯ ಕುಷ್ಟಗಿಗೆ ಹೋಗಿ ಸ್ಪರ್ಧಿಸಬೇಕಾಯಿತು. ಯಾವ ಕ್ಷೇತ್ರವೂ ಯಾರೊಬ್ಬರ ಪಿತ್ರಾರ್ಜಿತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಮಸ್ಕಿಯ ವೃತ್ತಾಂತವಂತೂ ಗಣಿತದ ಲೆಕ್ಕದಂತಿದೆ. 2018ರಲ್ಲಿ ಪ್ರತಾಪಗೌಡ ಪಾಟೀಲರು ಬಸನಗೌಡ ತುರ್ವಿಹಾಳ ಅವರನ್ನು ಕೇವಲ 213 ಮತಗಳಿಂದ ಸೋಲಿಸಿದರು. ಅದರಲ್ಲಿ 107 ಮಂದಿ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು. ಮುಂದಿನ ವರ್ಷ ರಾಜೀನಾಮೆಯಿತ್ತು ಸರ್ಕಾರದ ಬಲ ಕುಗ್ಗಿಸಿದ ಶಾಸಕರಲ್ಲಿ ಪ್ರತಾಪಗೌಡರೂ ಒಬ್ಬರು. 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ ನಡೆದಾಗ ಅದೇ ಬಸನಗೌಡರು 30,000ಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. ಮಸ್ಕಿಯ ಮತಗಟ್ಟೆಗೂ ಸಿಂಧನೂರಿನ ಸಚಿವ ಪದವಿಗೂ ಇರುವ ನಂಟನ್ನು ಗಮನಿಸಿರಿ. ಒಂದು ಕ್ಷೇತ್ರದ ಜನ ಆರಿಸಿದವರ ನಡೆ ಇನ್ನೊಂದು ಕ್ಷೇತ್ರದವರ ಅಧಿಕಾರವನ್ನೂ ಮುಟ್ಟುತ್ತದೆ.

ಶಿಕ್ಷಕನಾಗಿದ್ದಾಗ ಅನೇಕ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ನನ್ನ ಪಾಲಿಗೆ ಬಂದಿತ್ತು. ಮತಪತ್ರಗಳ ಕಾಲದಲ್ಲಿ ಒಮ್ಮೆ ನಾನು ಒಬ್ಬ ಮುದುಕಿಯ ಬೆರಳಿಗೆ ಶಾಯಿ ಹಚ್ಚುತ್ತಿದ್ದೆ. ಆ ಬೆರಳಿನ ಚರ್ಮ ಕೂಲಿ ಕೆಲಸದಿಂದ ಬಿರುಕು ಬಿಟ್ಟಿತ್ತು. ಶಾಯಿ ಆ ಬಿರುಕುಗಳಲ್ಲೇ ಇಳಿಯಿತು. “ನಂದೊಂದು ಓಟಿನಿಂದ ಏನಾಗತೈತ್ರಿ ಮಾಸ್ತರ? ಅರ್ಧ ದಿನದ ಕೂಲಿ ಹೋತು” ಎಂದಳು. ಸರದಿ ಉದ್ದವಿತ್ತು, ಮಾತಿಗೆ ಬಿಡುವಿರಲಿಲ್ಲ. ಆದರೂ ಅವಳು ಮತಪತ್ರವನ್ನು ಜೋಪಾನವಾಗಿ ಮಡಚಿ ಪೆಟ್ಟಿಗೆಗೆ ಹಾಕಿಯೇ ಹೋದಳು. 213 ಎಂಬ ಸಂಖ್ಯೆಯನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ನೆನಪಾದುದು ಆ ಬೆರಳು.

ಇದೇ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಶೋಕನ ಶಿಲಾಶಾಸನವೊಂದನ್ನು ಪತ್ತೆಹಚ್ಚಿದನು. ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂದು ಹೆಸರಿನೊಡನೆ ಜಗತ್ತಿಗೆ ತಿಳಿಸಿದ ಶಾಸನವದು. ಧರ್ಮದ ಎತ್ತರಕ್ಕೆ ದೊಡ್ಡವರು ಮಾತ್ರ ಏರಬಲ್ಲರೆಂದು ತಿಳಿಯಬಾರದು, ಧರ್ಮನಿಷ್ಠನಾದ ಸಾಮಾನ್ಯನೂ ಏರಬಲ್ಲನು ಎಂಬುದು ಅದರ ಸಾರ. ಚಕ್ರವರ್ತಿಯನ್ನು ಆರಿಸುವ ಹಕ್ಕು ಅಂದಿನ ಸಾಮಾನ್ಯನಿಗಿರಲಿಲ್ಲ. ಇಂದಿನ ಮುದುಕಿಗೆ ಸಂವಿಧಾನ ಅದನ್ನು ಕೊಟ್ಟಿದೆ.

ವಿದ್ಯಾರ್ಥಿಗಳೇ, ಅಧಿಕಾರ ಕಾಲುವೆಯ ನೀರಿದ್ದಂತೆ. ತೂಬು ತೆರೆದಾಗ ಹರಿಯುತ್ತದೆ, ಮುಚ್ಚಿದಾಗ ನಿಲ್ಲುತ್ತದೆ. ಹರಿಯುತ್ತಿದ್ದಾಗ ಅದು ಕೊನೆಯ ರೈತನ ಹೊಲವನ್ನು ಮುಟ್ಟಿತೇ ಎಂಬುದೊಂದೇ ಕೇಳಬೇಕಾದ ಪ್ರಶ್ನೆ. ನಿಮ್ಮಲ್ಲಿ ಯಾರಾದರೂ ಮಂತ್ರಿಗಳಾದರೆ ಈ ಪ್ರಶ್ನೆಯನ್ನು ನಿಮಗೆ ನೀವೇ ಹಾಕಿಕೊಳ್ಳಿರಿ. ಆಗದಿದ್ದರೆ, ಆದವರನ್ನು ತಪ್ಪದೆ ಕೇಳಿರಿ.