ನನಗೆ ಸಿಕ್ಕ ಒಂದು ಪ್ರಶಸ್ತಿ

ಮೊದಲೇ ಹೇಳಿಬಿಡ್ತೀನಿ, ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ದರೆ ನಮ್ಮ ಎಡಿಟರ್ ಸರಿ ಮಾಡಿರ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.

ನನ್ನ ಊರು ಬೆಲ್ಲದ ಬಾಗೇವಾಡಿ. ಬಸವನ ಬಾಗೇವಾಡಿ ಅಲ್ಲ, ಹಿರೇಬಾಗೇವಾಡಿನೂ ಅಲ್ಲ. ಬೆಳಗಾವಿ ಜಿಲ್ಲೆ, ಹುಕ್ಕೇರಿ ತಾಲೂಕು. ಸುತ್ತಲೂ ಕಬ್ಬು, ಸೀಸನ್‌ನಲ್ಲಿ ರೋಡ್ ತುಂಬಾ ಕಬ್ಬಿನ ಟ್ರ್ಯಾಕ್ಟರ್.

ನಾನು ಏಳನೇ ಕ್ಲಾಸ್‌ನಲ್ಲಿದ್ದಾಗ ನಮ್ಮ ಓಣಿಯ ಗಣಪತಿ ಸ್ಟೇಜ್ ಮೇಲೆ ಒಂದು ಸಿನಿಮಾ ಹಾಡಿಗೆ ಡ್ಯಾನ್ಸ್ ಮಾಡಿದ್ದೆ. ಅದಾಗಿ ಒಂದು ತಿಂಗಳಿಗೆ ಅಪ್ಪನಿಗೆ ಫೋನ್ ಬಂತು. ನಿಮ್ಮ ಮಗಳು ಬಾಲ ಪ್ರತಿಭೆ ಪ್ರಶಸ್ತಿಗೆ ಆಯ್ಕೆ ಆಗಿದ್ದಾಳೆ, ಬೆಳಗಾವಿಯಲ್ಲಿ ಸಮಾರಂಭ, ನೋಂದಣಿ ಶುಲ್ಕ 1,500 ರೂಪಾಯಿ. ಮನೆಯಲ್ಲಿ ಒಬ್ಬರೂ 'ಪ್ರಶಸ್ತಿಗೆ ಯಾಕೆ ಶುಲ್ಕ?' ಅಂತ ಕೇಳಲಿಲ್ಲ. ಅವ್ವ ಓಣಿ ತುಂಬಾ ಹೇಳಿಕೊಂಡು ಬಂದಳು. ಅಪ್ಪ ಹಿತ್ತಲಿನ ಪತ್ರಾಸ್ ಬದಲಾಯಿಸೋಕೆ ದುಡ್ಡು ಎತ್ತಿಟ್ಟಿದ್ದರು. ಅದರಲ್ಲೇ ಕೊಟ್ಟರು. "ಪತ್ರಾಸ್ ಬರೂ ವರ್ಷ ನೋಡೂಣು" ಅಂದರು.

ಸಮಾರಂಭದಲ್ಲಿ ನನ್ನ ಹಾಗೆ ಕಡಿಮೆ ಅಂದರೂ ನಲವತ್ತು ಮಕ್ಕಳಿದ್ದರು. ಭರತನಾಟ್ಯ, ಕರಾಟೆ, ಮಿಮಿಕ್ರಿ, ಎಲ್ಲಾ ಒಂದೇ ಲೈನಿನಲ್ಲಿ. ಮುಖ್ಯ ಅತಿಥಿ ಎರಡು ತಾಸು ಲೇಟ್. ಆಮೇಲೆ ಶಾಲು, ಹಾರ, ಪೇಟ, ಮೊಮೆಂಟೊ, ಫೋಟೊ, ನೆಕ್ಸ್ಟ್. ಪೇಟಗಳು ಇದ್ದದ್ದೇ ಐದಾರು. ಫೋಟೊ ಆದ ಕೂಡಲೇ ನನ್ನ ತಲೆಯಿಂದ ತೆಗೆದು ಹಿಂದಿನ ಹುಡುಗನ ತಲೆಗೆ ಇಟ್ಟರು. ಬಸ್ಸಿನಲ್ಲಿ ವಾಪಸ್ ಬರುವಾಗ ಸರ್ಟಿಫಿಕೇಟ್ ಬಿಚ್ಚಿ ಓದಿದೆ. 'ಸಂಗೀತ ಕ್ಷೇತ್ರದಲ್ಲಿ ಸಾಧನೆ' ಅಂತ ಇತ್ತು. ಅಪ್ಪನಿಗೆ ತೋರಿಸಲಿಲ್ಲ.

ಅದೇ ಗಣಪತಿ ಸ್ಟೇಜ್ ಮೇಲೆ ನನ್ನ ಡ್ಯಾನ್ಸ್ ಆದಮೇಲೆ ನಮ್ಮ ಓಣಿಯ ಇನ್ನೊಬ್ಬ ಹುಡುಗ ಶ್ರೀಕೃಷ್ಣ ಪಾರಿಜಾತದ ಒಂದು ಭಾಗ ಮಾಡಿದ್ದ. ಅವನದು ಕನ್ನಡ ಶಾಲೆ, ಏಳನೇ ಕ್ಲಾಸೇ. ಅವನ ಅಜ್ಜ ಪಾರಿಜಾತದ ಮೇಳದವರು. ನಮ್ಮ ಕಡೆ ಪಾರಿಜಾತ ಅಂದರೆ ಸಣ್ಣ ವಿಷಯ ಅಲ್ಲ. ಅದನ್ನು ರಂಗದ ಮೇಲೆ ಬೆಳೆಸಿದ ಕುಲಗೋಡ ತಮ್ಮಣ್ಣ ಹತ್ತಿರದ ಕುಲಗೋಡದವರು. ಹೆಣ್ಣುಮಕ್ಕಳು ಸ್ಟೇಜ್ ಹತ್ತೋದೇ ತಪ್ಪು ಅನ್ನೋ ಕಾಲದಲ್ಲಿ ಪಾರಿಜಾತ ಆಡಿ ಹೆಸರಾದ ಕೌಜಲಗಿ ನಿಂಗಮ್ಮನೂ ಈ ಸೀಮೆಯವರೇ. ಬಯಲಾಟದ ಧಾಟಿಯನ್ನು 'ಜೋಕುಮಾರಸ್ವಾಮಿ'ಯಂಥ ನಾಟಕಕ್ಕೆ ತಂದ ಚಂದ್ರಶೇಖರ ಕಂಬಾರರ ಘೋಡಗೇರಿ ಇರೋದೂ ನಮ್ಮ ಭಾಗದಲ್ಲೇ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಆ ಹುಡುಗ ಮೈಕ್ ಇಲ್ಲದೆ ಹಾಡಿದ್ದು, ಮುದುಕರು ಎದ್ದು ಬಂದು ಅವನ ಅಂಗಿಗೆ ಹತ್ತು ಇಪ್ಪತ್ತರ ನೋಟು ಪಿನ್ ಮಾಡಿದ್ದು ಮಾತ್ರ ನೆನಪಿದೆ. ಪ್ರಶಸ್ತಿಯವರು ಅವರ ಮನೆಗೂ ಫೋನ್ ಮಾಡಿದ್ದರಂತೆ. ಶುಲ್ಕ ಕೇಳಿ ಅಜ್ಜ ಫೋನ್ ಇಟ್ಟರಂತೆ.

ಕಳೆದ ಸೆಮ್‌ನಲ್ಲಿ ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು 'ಬೆಟ್ಟದ ಹೂವು' ನೋಡಿದೆವು. 1985ರ ಸಿನಿಮಾ, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಪುನೀತ್ ರಾಜ್‌ಕುಮಾರ್‌ಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂದದ್ದು ಇದಕ್ಕೇ. ಆಗ ಅವರಿಗೆ ಹತ್ತು ವರ್ಷ. ಅದಕ್ಕೂ ಮೊದಲೇ 'ಚಲಿಸುವ ಮೋಡಗಳು', 'ಎರಡು ನಕ್ಷತ್ರಗಳು' ಸಿನಿಮಾಗಳಿಗೆ ರಾಜ್ಯಪ್ರಶಸ್ತಿ ಬಂದಿತ್ತು. ಕಥೆಯಲ್ಲಿ ರಾಮು ಅನ್ನೋ ಬಡ ಹುಡುಗ ಬೆಟ್ಟದಿಂದ ಹೂ ತಂದು ಮಾರಿ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳೋಕೆ ಕಾಸು ಕೂಡಿಡ್ತಾನೆ. ಕೊನೆಗೆ ಅದೇ ದುಡ್ಡಲ್ಲಿ ಮನೆಯವರಿಗೆ ಚಳಿಗೆ ಕಂಬಳಿ ತರ್ತಾನೆ.

ಕಂಬಳಿ ಬಂದಾಗ ನನಗೆ ಪತ್ರಾಸ್ ನೆನಪಾಯಿತು. ಆ ಮಳೆಗಾಲ ಹಿತ್ತಲಲ್ಲಿ ಸೋರುವ ಕಡೆ ಅವ್ವ ಬೋಗುಣಿ ಇಡ್ತಿದ್ದಳು. ನನ್ನ ಮೊಮೆಂಟೊ ಮಾತ್ರ ಶೋಕೇಸ್‌ನಲ್ಲಿ ಬೆಚ್ಚಗಿತ್ತು. ಫ್ರೆಂಡ್ಸ್ ಎಲ್ಲ ಪುನೀತ್‌ಗಾಗಿ ಅತ್ತರು. ನಾನೂ ಅತ್ತೆ, ಯಾಕೆ ಅಂತ ಹೇಳಲಿಲ್ಲ.

ಆಮೇಲೆ ಯೋಚನೆ ಮಾಡಿದೆ. ಚಿಕ್ಕವರಿಗೆ ಪ್ರಶಸ್ತಿ ಕೊಡಬಾರದು ಅಂತ ನಾನು ಹೇಳ್ತಿಲ್ಲ. 'ಕೊಟ್ರೇಶಿ ಕನಸು' ಸಿನಿಮಾಗೆ ವಿಜಯ ರಾಘವೇಂದ್ರ ಅವರಿಗೂ ಇದೇ ರಾಷ್ಟ್ರಪ್ರಶಸ್ತಿ ಬಂದಿತ್ತು. ಇವರು 'ನಿನಗಾಗಿ', ಪುನೀತ್ 'ಅಪ್ಪು' ಮೂಲಕ, ಇಬ್ಬರೂ ಹೀರೊ ಆಗಿ ಬಂದದ್ದು 2002ರಲ್ಲೇ. 'ಮಾಲ್ಗುಡಿ ಡೇಸ್'ನ ಸ್ವಾಮಿ, ಮಾಸ್ಟರ್ ಮಂಜುನಾಥ್, ನಟನೆ ಬಿಟ್ಟು ಓದಿನ ಕಡೆ ಹೋದರು. ಮುಂದೆ ಮಗು ಏನಾದರೂ ಆಗಲಿ, ಪರವಾಗಿಲ್ಲ. ಆದರೆ ಬಹುಮಾನ ಕೊಟ್ಟವರು ಆ ಮಗು ಮಾಡಿದ್ದನ್ನು ಕೂತು ನೋಡಿರಬೇಕು. ನನಗೆ ಕೊಟ್ಟವರು ನಾನು ಹಾಡ್ತೀನೋ ಕುಣೀತೀನೋ ಅಂತಾನೂ ನೋಡಿರಲಿಲ್ಲ. ಆ ಹುಡುಗನ ಅಂಗಿಗೆ ಹತ್ತು ರೂಪಾಯಿ ಪಿನ್ ಮಾಡಿದ ಮುದುಕರು ಪೂರ್ತಿ ನೋಡಿದ್ದರು. ಹಾಗೆ ನೋಡಿದರೆ ಅವತ್ತು ಪ್ರಶಸ್ತಿ ಸಿಕ್ಕಿದ್ದು ಅವನಿಗೇ.

ಈ ಸಲ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಿಂದ ಯುವ ಕಲಾವಿದರಿಗೆ ಸನ್ಮಾನ ಅಂತ ತೀರ್ಮಾನ ಆಗಿದೆ. ಲಿಸ್ಟ್ ಮಾಡೋ ಕೆಲಸ ನನ್ನ ತಲೆಗೆ ಬಂದಿದೆ. ಕಮಿಟಿಯಲ್ಲಿ ಎರಡು ಮಾತು ಹೇಳಿ ಒಪ್ಪಿಸಿದ್ದೀನಿ. ಯಾರ ಹತ್ತಿರನೂ ಒಂದು ರೂಪಾಯಿ ತಗೊಳ್ಳೋದಿಲ್ಲ. ಸನ್ಮಾನಕ್ಕೆ ಮೊದಲು ಅವರು ನಮ್ಮ ಸ್ಟೇಜ್ ಮೇಲೆ ಹಾಡಬೇಕು ಅಥವಾ ಆಡಬೇಕು, ಮುಖ್ಯ ಅತಿಥಿ ಸಮೇತ ಎಲ್ಲರೂ ಕೂತು ನೋಡಬೇಕು.

ಮೊನ್ನೆ ಆ ಹುಡುಗನಿಗೆ ಫೋನ್ ಮಾಡಿದೆ. ಈಗ ಐಟಿಐ ಮುಗಿಸಿ ಗ್ಯಾರೇಜಿನಲ್ಲಿ ಕೆಲಸ ಮಾಡ್ತಾನೆ. ಜಾತ್ರೆ ಸೀಸನ್‌ನಲ್ಲಿ ಇನ್ನೂ ಮೇಳದ ಜೊತೆ ಹೋಗ್ತಾನೆ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ:

"ಎಷ್ಟ ರೊಕ್ಕಾ ತುಂಬಬೇಕ?"

ಏನೂ ತುಂಬೋದು ಬೇಡ, ಬಸ್ ಚಾರ್ಜ್ ನಾವೇ ಕೊಡ್ತೀವಿ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ ಅನ್ಸುತ್ತೆ. ಅಜ್ಜನ್ನ ಕೇಳಿ ಹೇಳ್ತೀನಿ ಅಂದ. ಅವನು ಬಂದರೆ ನೀವೆಲ್ಲ ದಯವಿಟ್ಟು ಕ್ಯಾಂಟೀನ್ ಬಿಟ್ಟು ಆಡಿಟೋರಿಯಂಗೆ ಬನ್ನಿ. ಕೊನೇ ತನಕ ಕೂತಿರಿ.