ಎರಡನೆಯ ಸ್ಪರ್ಶ

ಸಂಜೆಯಾದರೆ ಮೂಕಂಡಪಲ್ಲಿಯ ಬಯಲಿನಲ್ಲಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಕೂಗು ಕೇಳಿಸುತ್ತದೆ. ಅದು ಕಾಲೇಜಿನ ಪುರುಷರ ವಾಲಿಬಾಲ್ ತಂಡದ ಅಭ್ಯಾಸದ ಹೊತ್ತು. ಕನ್ನಡ ಐಚ್ಛಿಕದ ವಿದ್ಯಾರ್ಥಿಯೊಬ್ಬ ಆ ತಂಡದ ಸೆಟ್ಟರ್. ಈ ಆಟದಲ್ಲಿ ಚೆಂಡನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಮೂರು ಸ್ಪರ್ಶಗಳೊಳಗೆ 2.43 ಮೀಟರ್ ಎತ್ತರದ ಬಲೆಯಾಚೆ ಕಳುಹಿಸಬೇಕು. ಮೊದಲನೆಯದು ಚೆಂಡನ್ನು ಕಾಪಾಡುತ್ತದೆ, ಮೂರನೆಯದು ಅಂಕ ತರುತ್ತದೆ. ನಡುವಿನದು ಸೆಟ್ಟರನದು, ಅದಕ್ಕೆ ಚಪ್ಪಾಳೆ ಅಪರೂಪ.

ಕಳೆದ ವರ್ಷ ತಂಡವು ಐದನೆಯ ಸೆಟ್‌ನಲ್ಲಿ ಸೋತಿತು. ಕೊನೆಯ ಚೆಂಡನ್ನು ಬಲೆಗೆ ತೀರ ಹತ್ತಿರ ಎತ್ತಿದವನು ಅವನೇ. ಯಾರೂ ದೂರಲಿಲ್ಲ, ಅದೇ ಅವನಿಗೆ ಭಾರವಾಯಿತು.

ನೆರೆಯ ಬೆಂಗಳೂರಿನ ತಂಡವೂ ಹೀಗೆ ಸೋತದ್ದುಂಟು. 2023ರ ಪ್ರೈಮ್ ವಾಲಿಬಾಲ್ ಲೀಗ್‌ನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಟಾರ್ಪಿಡೋಸ್ ಮೊದಲೆರಡು ಸೆಟ್ ಕಳೆದುಕೊಂಡು, ಮುಂದಿನೆರಡನ್ನು ಗೆದ್ದು, ಐದನೆಯದರಲ್ಲಿ ಅಹಮದಾಬಾದ್ ಡಿಫೆಂಡರ್ಸ್‌ಗೆ ಮಣಿಯಿತು. 2025ರಲ್ಲಿ ಮುಂಬೈ ಮೀಟಿಯರ್ಸ್ ತಂಡವನ್ನು 3–0ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು.

ಆ ತಂಡಕ್ಕೆ ಕಾಯಲು ವರ್ಷಗಳಿದ್ದವು. ಇವನಿಗಿರುವುದು ಇದೊಂದೇ ವರ್ಷ; ಮುಂದೆ ಕಾರ್ಖಾನೆಯ ಪಾಳಿ ಕಾದಿದೆ. ಆದ್ದರಿಂದ ಎಲ್ಲರೂ ಹೊರಟ ಮೇಲೂ ಅವನು ಬಲೆಯ ಬಳಿ ನಿಂತು, ಬೆರಳ ತುದಿಯಿಂದ ಚೆಂಡನ್ನು ಒಂದೇ ಎತ್ತರಕ್ಕೆ ಎತ್ತುತ್ತಲೇ ಇರುತ್ತಾನೆ. ಈಚೆಗೆ, ಅಂದು ಆ ಕೊನೆಯ ಚೆಂಡನ್ನು ಹೊಡೆಯಲಾಗದೆ ಹೋದ ಗೆಳೆಯನೂ ಅವನೊಡನೆ ಉಳಿಯುತ್ತಿದ್ದಾನೆ.